ಹೆಂಗಸರ ಬಯಲಿಗೆ ಬೇಲಿ

ಅಫಜಲಪುರ, 11-3-1987

ಅಕ್ಕಾ,
ಬೀದಿನಾಟಕಕ್ಕೆಂದು ಬಂದ ಈ ಊರಲ್ಲಿ ನಿನ್ನೆ ಒಂದು ಸಭೆ ಕಂಡೆ. ಊರಿನ ಹೊಸ ನಕ್ಷೆಗೆ ಜನರ ಅಭಿಪ್ರಾಯ ಕೇಳುತ್ತಾರಂತೆ! ಬೆಳಕು ಹರಿಯುವ ಮುನ್ನ ಹೆಂಗಸರು ಬಯಲಿಗೆ ಹೋಗುವ ಜಾಲಿಗಿಡಗಳ ಮರೆಯನ್ನು ಅದರಲ್ಲಿ 'ಖಾಲಿ ಜಾಗ' ಎಂದು ಬರೆದಿದ್ದಾರೆ. ಬೇಲಿ ಹಾಕಿ ಕಾರಂಜಿಯ ಪಾರ್ಕ್ ಮಾಡುತ್ತಾರಂತೆ. ಅಳೆಯಲು ಬಂದವರು ಮಟಮಟ ಮಧ್ಯಾಹ್ನ ಬಂದಿದ್ದರು. ಆಗ ಅಲ್ಲಿ ಯಾರು ಕಂಡಾರು?

ಬಳೆ ಮಾರುವ ಕುಲಸುಮಬಿ ಎದ್ದು ನಿಂತಳು. "ಸಾಹೇಬ್ರ, ಪಾರ್ಕ್ ಆಮ್ಯಾಲ ಮಾಡ್ರಿ. ಮೊದ್ಲ ನಮಗ ಸಂಡಾಸ ಕಟ್ಟಿಸ್ರಿ. ಇಲ್ಲಾಂದ್ರ ನಾವು ಎಲ್ಲಿ ಹೋಗೂದು?"

"ಹೆಣ್ಮಕ್ಕಳು ಸಭಾದಾಗ ಇಂಥಾ ಮಾತು ಆಡ್ತಾರೇನ್ ಬೇ?" ಎಂದ ನಕ್ಷೆ ತಂದಿದ್ದ ಎಂಜಿನಿಯರ್.

"ಜಾಗಾ ಕಸ್ಗೊಳ್ಳಾಕ ನಿಮಗ ನಾಚ್ಕಿ ಇಲ್ಲ, ಕೇಳಾಕ ನಮಗ್ಯಾಕ್ರಿ ನಾಚ್ಕಿ?"

ಹೆಂಗಸರೆಲ್ಲ ಗೊಳ್ಳೆಂದರು. ಅವನು 'ಆಕ್ಷೇಪಣೆ ಇಲ್ಲ' ಎಂದು ಬರೆಸಿ ಎದ್ದು ಹೋದ. ಇದೇನಾ ಜನರನ್ನು ಕೇಳುವ ರೀತಿ? ಮೈಯೆಲ್ಲ ಉರಿಯುತ್ತಿದೆ.

ನನ್ನ ಜ್ವರ ಇಳಿದಿದೆ, ಗಾಬರಿ ಬೇಡ. ಆದರೆ ಹೇಳಿದ್ದಂತೆ ಗುರುವಾರ ಊರಿಗೆ ಬರುವುದಿಲ್ಲ. ನಾಳೆ ಹಗಲು ಹನ್ನೊಂದಕ್ಕೆ ಈ ಹೆಂಗಸರೆಲ್ಲ ತಂಬಿಗೆ ಹಿಡಿದು ಅವನ ಕಚೇರಿ ಬಾಗಿಲ ಮುಂದೆ ಕೂರುತ್ತಾರೆ. ನಾನೂ ಒಂದು ತಂಬಿಗೆ ಕೊಂಡಿದ್ದೇನೆ.

ನಿನ್ನ ತಂಗಿ,
ಸುಲೋಚನಾ