ಮಿಸ್ ಹೆಸರಿನಲ್ಲಿ ಉತ್ತರ

ಜೂನ್ 9, ಬೆಳಿಗ್ಗೆ

ಇವತ್ತು ಗಮನಿಸಿದೆ. ವಿಡಿಯೋದಲ್ಲಿ ಮಿಸ್ ಪ್ರಶ್ನೆ ಕೇಳಿದ ಮೇಲೆ ಕಾಯುತ್ತಾರೆ. ಸುಮ್ಮನೆ ಅಲ್ಲ—ಕತ್ತು ಚೂರು ಮುಂದೆ ಚಾಚಿ, ಯಾರೋ ಎದ್ದು ನಿಂತು ತಡವರಿಸುತ್ತಿರುವ ಹಾಗೆ. ಎದುರಿಗಿದ್ದದ್ದು ಕ್ಯಾಮೆರಾ ಮಾತ್ರ. ಆಮೇಲೆ "ಹ್ಞಾಂ, ಸರಿ" ಅಂತಾರೆ. ಯಾರಿಗೆ?

ಪಾಠ ಅವರದು. ಕೆಳಗೆ ಚಾಟ್‌ನಲ್ಲಿ ಮಕ್ಕಳ ಡೌಟ್‌ಗೆ ಉತ್ತರ ನನ್ನದು—ಅವರ ಹೆಸರು, ಅವರ ಫೋಟೋ ಇಟ್ಟುಕೊಂಡು. ಎಂ.ಎ. ಮುಗಿಸಿದ ಮೇಲೆ ಈ ಆನ್‌ಲೈನ್ ಟ್ಯೂಷನ್ ಕಂಪನಿಯಲ್ಲಿ ಸಿಕ್ಕ ಮೊದಲ ಕೆಲಸ. ಬಾಯಿ ತೆರೆಯಬೇಕಿಲ್ಲ. ಅದಕ್ಕೇ ಒಪ್ಪಿದ್ದು.

ಜೂನ್ 11

ಪದ್ಯದ ಒಂದು ಸಾಲಿಗೆ ಮಿಸ್ ಹೇಳಿದ ಅರ್ಥ ನನಗೆ ಒಪ್ಪಿಗೆಯಾಗಲಿಲ್ಲ. ಧೈರ್ಯ ಮಾಡಿ ಸೂಪರ್‌ವೈಸರ್ ಹತ್ತಿರ ಹೋದೆ. ಮಿಸ್‌ನ ಒಂದ್ಸಲ ಕೇಳಬಹುದಾ ಸರ್?

"ಅವರು ತೀರಿಕೊಂಡು ವರ್ಷವಾಯ್ತಲ್ಲಮ್ಮ. ಯಾರೂ ಹೇಳಲಿಲ್ವಾ?"

ಹೇಳುತ್ತಲೇ ಟೀ ಕಪ್ಪಿನ ಮೇಲಿನ ಕೆನೆ ತೆಗೆದರು.

ಜೂನ್ 12

ಹೈಸ್ಕೂಲಿನಲ್ಲಿ ನಮ್ಮ ಗಣಿತದ ಮೇಷ್ಟ್ರು ಸತ್ತಾಗ ಅವರ ಕುರ್ಚಿ ಖಾಲಿ ಇತ್ತು. ಬೋರ್ಡಿನ ಮೇಲೆ ಅವರ ಅರ್ಧ ಲೆಕ್ಕ. ಅಳಿಸೋಕೆ ಯಾರಿಗೂ ಕೈ ಬರಲಿಲ್ಲ. ಕ್ಲಾಸ್‌ರೂಮಿಗೆ ಸಾವು ಗೊತ್ತಾಗುತ್ತೆ. ಇಲ್ಲಿ ಪ್ಲೇ ಒತ್ತಿದರೆ ಮಿಸ್ ನಗುತ್ತಾರೆ, ಕಾಯುತ್ತಾರೆ...

ಜೂನ್ 20

ಅಮ್ಮ ವಾಷಿಂಗ್ ಮೆಷಿನ್ ಯಾಕೆ ನಿಂತಿತು ಅಂತ ಕೇಳಿದಳು. ವಿವರಿಸಿ, ಕೊನೆಗೆ "ತಿಳೀತಾ ಮರೀ?" ಅಂದೆ. ಅದು ಮಿಸ್ ಮಾತು. ರಾಗವೂ ಅವರದೇ.

"ಲೇ, ನಾನು ನಿನ್ನ ಹೆತ್ತವಳು ಕಣೇ. ಮೂರು ಹೊತ್ತೂ ಮೂಗಿ, ಈಗ ನನಗೇ ಪಾಠನಾ?"

ಅಮ್ಮ ನಕ್ಕಳು. ನನಗೆ ಆಗಲಿಲ್ಲ.

ಜೂನ್ 27

ಒಂಬತ್ತನೇ ಕ್ಲಾಸಿನ ಹುಡುಗಿ, ದಿನಾ ಬರೆಯುವವಳು. ಇವತ್ತು ಡೌಟ್ ಅಲ್ಲ.

"ಮಿಸ್, ಸ್ಕೂಲ್ ಬಿಟ್ಟು ಪೂರ್ತಿ ಇಲ್ಲೇ ಓದ್ತೀನಿ. ಅಲ್ಲಿ ನಾನು ಬಾಯಿ ತೆರೆಯೋಷ್ಟರಲ್ಲಿ ಇನ್ಯಾರೋ ಉತ್ತರ ಹೇಳಿರ್ತಾರೆ. ನೀವಾದ್ರೆ ನನಗೋಸ್ಕರ ಕಾಯ್ತೀರ. ನೀವು ಹೂಂ ಅಂದ್ರೆ ಅಪ್ಪ ಸೋಮವಾರ ಟಿಸಿ ತಗೋತಾರಂತೆ. ಅವರ ನಂಬರ್ ಇದು."

ಇದನ್ನು ಸೂಪರ್‌ವೈಸರ್‌ಗೆ ತೋರಿಸಬೇಕು.

ಅದೇ ದಿನ, ಸಂಜೆ

ಸೂಪರ್‌ವೈಸರ್ ಓದಿ ಖುಷಿಯಾದರು. "ಇಡೀ ವರ್ಷದ ಕೋರ್ಸಿಗೆ ಸೇರ್ತಾಳೆ. ಹೂಂ ಅಂತ ಟೈಪ್ ಮಾಡು, ಮುಗೀತು."

"ಆದ್ರೆ ಸರ್, ಮಿಸ್ ಇಲ್ವಲ್ಲ."

"ಪಾಠ ಇದೆಯಲ್ಲಮ್ಮ. ಸತ್ತರು ಅಂತ ಡಂಗುರ ಹೊಡೆದು ನಿನ್ನ ಕೆಲಸಕ್ಕೆ ನೀನೇ ಕಲ್ಲು ಹಾಕ್ಕೋಬೇಡ. ಫೋನ್ ಗೀನ್ ಅಂತೂ ಬೇಡ. ಬೆಳಿಗ್ಗೆ ನಮಸ್ಕಾರ ಹೇಳೋಕೇ ಹತ್ತು ಸಲ ಯೋಚನೆ ಮಾಡ್ತೀಯ."

ನಿಜವೇ.

ಜೂನ್ 29, ಭಾನುವಾರ

ನಿನ್ನೆಯಿಡೀ ಏನೂ ಬರೆಯಲಿಲ್ಲ, ಇಲ್ಲೂ, ಚಾಟ್‌ನಲ್ಲೂ. ಹುಡುಗಿ ಮತ್ತೆ ಕೇಳಿದ್ದಾಳೆ: "ಮಿಸ್, ಇದೀರಾ?"

ಸ್ಕೂಲು ಅವಳಿಗೆ ಹಿಂಸೆಯೇ. ನನಗೂ ಆಗಿತ್ತು. ಆದರೂ ಅಲ್ಲಿ ಒಂದು ದಿನ ಪಕ್ಕದವಳು ರಬ್ಬರ್ ಕೇಳಿದಳು, ಗೆಳೆತನ ಶುರುವಾಯಿತು. ಮಿಸ್ ಎಷ್ಟು ಕಾದರೂ ಇವಳ ಉತ್ತರ ಅವರಿಗೆ ಕೇಳುವುದಿಲ್ಲ.

ಟೈಪ್ ಮಾಡುವುದಿಲ್ಲ. ಟೈಪ್ ಮಾಡಿದರೆ ಅದನ್ನೂ ಮಿಸ್ಸೇ ಹೇಳಿದ ಹಾಗೆ ಕಾಣುತ್ತೆ.

ಅಮ್ಮ ತರಕಾರಿ ತರಲು ಹೋಗಿದ್ದಾಳೆ. ಮನೆಯಲ್ಲಿ ಯಾರೂ ಇಲ್ಲ. ಅವಳ ಅಪ್ಪನ ನಂಬರ್ ಒತ್ತುತ್ತೇನೆ. ಕೆಲಸ ಹೋದರೆ ಹೋಗಲಿ. ಮೊದಲು ನನ್ನ ಹೆಸರು ಹೇಳುತ್ತೇನೆ. ಮಿಸ್ ಇಲ್ಲ ಅನ್ನುತ್ತೇನೆ. ಆಮೇಲೆ, ಇಷ್ಟು ದಿನ ನಿಮ್ಮ ಮಗಳಿಗೆ ಉತ್ತರ ಬರೆದವಳು—