ಹನ್ನೊಂದು ಮೆಟ್ಟಿಲಿನ ಕೋಣೆ

ಮನೆ, ಮಹಡಿ
ಹದಿನಾಲ್ಕನೇ ತಾರೀಕು, ಬುಧವಾರ, ಊಟದ ಮೇಲೆ

ಪ್ರೀತಿಯ ಅಕ್ಕಾ,

ಕಿಟಕಿ ಯಾವ ದಿಕ್ಕಿಗಿದೆಯೆಂದು ಗೊತ್ತಿಲ್ಲದ ಕೋಣೆಯಲ್ಲಿ ಕೊಲೆ ಮಾಡಿಸಬೇಡ ಎಂದಿದ್ದೆಯೋ, ಅಂಥ ಕೋಣೆಯಲ್ಲಿ ಯಾರನ್ನೂ ಕೂರಿಸಲೇಬೇಡ ಎಂದಿದ್ದೆಯೋ, ಬೆಳಗಿನಿಂದ ನೆನಪು ಮಾಡಿಕೊಳ್ಳುತ್ತಿದ್ದೇನೆ. ಹೇಗಿದ್ದೀಯ? ಮೊಣಕಾಲು ನೋವು ಏನಂತಿದೆ? ನನಗೇನೂ ಧಾಡಿಯಿಲ್ಲ. ಕನ್ನಡಕದ ಗಾಜು ದಪ್ಪವಾಗಿದೆ, ಅಷ್ಟೆ. ನೀನಿಟ್ಟ ಹೆಸರಿಗೆ ಈಗ ಮುಖವೂ ಒಪ್ಪುತ್ತದೆ.

ಆರು ವರ್ಷಗಳ ಮೇಲೆ ನಿನ್ನ ಲಕೋಟೆ ಬಂತು. ಒಳಗೆ ಒಂದೇ ಹಾಳೆ. ಕ್ಷೇಮವಿಲ್ಲ, ಸಮಾಚಾರವಿಲ್ಲ, ಬರೀ ಒಂದು ಕೋಣೆ: ಬಿಳಿ ಗೋಡೆ, ಒಂದು ಕುರ್ಚಿ, ಕಿಟಕಿಯಾಚೆ ಯಾವುದೋ ಅಂಗಡಿ ಬೋರ್ಡಿನ ತುಕ್ಕು ಹಿಡಿದ ಬೆನ್ನು. ನಾವು ಕೆಲಸ ಮಾಡುತ್ತಿದ್ದದ್ದೇ ಹಾಗಲ್ಲವೇ. ನೀನು ಹಾಳೆಯ ಮೇಲೆ ಕೋಣೆ ಬರೆದುಕೊಡುವುದು, ಮನುಷ್ಯರ ನೆರಳೂ ಇಲ್ಲದಂತೆ. ನಾನು ಅದರೊಳಗೆ ಜನರನ್ನು ಬಿಟ್ಟು ಅಪರಾಧ ಮಾಡಿಸುವುದು. ಮಾಸಪತ್ರಿಕೆಯವರು ಅದಕ್ಕೆ 'ಕತ್ತಲ ಕಥೆ' ಎಂದು ತಲೆಬರಹ ಹಾಕಿ ಕೊನೆಯ ಪುಟಗಳಲ್ಲಿ ಅಚ್ಚು ಮಾಡುತ್ತಿದ್ದರು. ನನಗೆ ಗೊತ್ತಿದ್ದದ್ದು ಆ ಜಾತಿಯ ಕಥೆಗಳ ಕಟ್ಟುಪಾಡು ಮಾತ್ರ: ಒದ್ದೆ ರಸ್ತೆ, ಮಿಣುಕುವ ದೀಪ, ಸುಳ್ಳು ಹೇಳುವ ಹೆಂಗಸು, ಹೋದರೆ ಮರಳಿ ಬಾರದ ಗಂಡಸು. ನೀನು ಓದಿ ನಗುತ್ತಿದ್ದೆ. "ದಿನಾ ಇಷ್ಟು ಮಳೆ ಸುರಿಸಿದ್ರೆ ಪಾಪ ಆ ಕೊಲೆಗಾರನ ಬಟ್ಟೆ ಒಣಗೋದು ಯಾವಾಗಲೋ ಗೂಬೆ?" ನಿನ್ನ ಕೋಣೆಗಳಲ್ಲಿ ಮಾತ್ರ ನಡುಮಧ್ಯಾಹ್ನವೇ ಇರುತ್ತಿತ್ತು. ತೊಳೆದು ಬೋರಲು ಹಾಕಿದ ಒಂದು ಲೋಟ, ಅದರ ಅಂಚಿನಲ್ಲಿ ಇನ್ನೂ ಆರದ ನೀರು. ಅಷ್ಟಕ್ಕೇ ನನಗೆ ಬೆನ್ನು ತಣ್ಣಗಾಗುತ್ತಿತ್ತು.

ಆರು ವರ್ಷದ ಹಿಂದೆ ನೀನು ಕೊಟ್ಟ ಆ ಕೊನೆಯ ಹಾಳೆಯೂ ಅಂಥದ್ದೇ ಎಂದುಕೊಂಡಿದ್ದೆ. ದರ್ಜಿ ಅಂಗಡಿಯ ಮೇಲಿನ ಕೋಣೆ. ಹನ್ನೊಂದು ಮೆಟ್ಟಿಲು, ಏಳನೆಯದು ಮುರಿದಿದೆ. ಹಸಿರು ಗೋಡೆ, ಹಳೇ ಕ್ಯಾಲೆಂಡರಿನ ಹಿಂದೆ ಕರೆಂಟು ಮೀಟರು, ನೆಲದ ಮೇಲೆ ಒಂದು ಚಾಪೆ. ಇದನ್ನೆಲ್ಲಿ ನೋಡಿದೆ ಎಂದು ನಾನು ಕೇಳಲಿಲ್ಲ. ಮೊದಲ ಕರಡಿನಲ್ಲಿ ಹೆಂಗಸೊಬ್ಬಳನ್ನು ಮಾತ್ರ ಕೂರಿಸಿದ್ದೆ. ಸಂಪಾದಕರು ಒಪ್ಪಲಿಲ್ಲ. "ಬಾಡಿಗೆ ಕೋಣೆ ಅಂದ್ಮೇಲೆ ಅಲ್ಲೊಂದು ಹೆಣ ಇರ್ಬೇಕು, ಇಲ್ಲ ಒಬ್ಬ ಗಂಡಸು ಇರ್ಬೇಕು ಕಣ್ರೀ. ಎರಡೂ ಇಲ್ದಿದ್ರೆ ಓದೋರು ನಮ್ಮನ್ನೇ ಹೆಣ ಮಾಡ್ತಾರೆ." ಹೆಣ ಹಿಂದಿನ ತಿಂಗಳಷ್ಟೇ ಆಗಿತ್ತು. ಗಂಡಸನ್ನು ಹಾಕಿದೆ. ಗುರುವಾರ ಗುರುವಾರ ಅವಳು ಬರುತ್ತಾಳೆ, ಅವನು ಕಾದಿರುತ್ತಾನೆ.

ನಮ್ಮ ಕಥೆಗಳನ್ನು ಎಂದೂ ಮುಟ್ಟದ ಭಾವ ಅದನ್ನೇ ಓದಬೇಕೇ? ಓದಿದ್ದು ಬೇರೆ ಯಾರಾದರೂ ಆಗಿದ್ದರೆ ಸರಿ. ಮೂವತ್ತು ವರ್ಷ ಮನೆ ಮನೆಗೆ ಹೋಗಿ ಮೀಟರು ಓದಿದವರು, ಅವರು ಹತ್ತದ ಮೆಟ್ಟಿಲು ಈ ಊರಲ್ಲಿ ಯಾವುದಿದೆ? "ಏಳನೇ ಮೆಟ್ಟಿಲು ನಿಜ. ಕ್ಯಾಲೆಂಡರ್ ಹಿಂದಿನ ಮೀಟರೂ ನಿಜ. ಹಾಗಾದ್ರೆ ಉಳಿದದ್ದು ಮಾತ್ರ ಸುಳ್ಳಾ?" ಎಂದರು ಭಾವ. ಅವರು ವಿಚಾರಿಸಿದ್ದಕ್ಕೆ ದರ್ಜಿ ಬಾಡಿಗೆದಾರಳ ಹೆಸರು ಹೇಳಿದ. ನಿನ್ನ ಹೆಸರು. ನೀನು ಒಂದೇ ಮಾತು ಹೇಳಿದೆ: "ಸುಮ್ನೆ ಕೂರೋಕೆ ತಗೊಂಡಿದ್ದೆ." ಸುಮ್ಮನೆ ಕೂರಲು ಹೆಂಗಸೊಬ್ಬಳು ಕೋಣೆ ಹಿಡಿದದ್ದನ್ನು ಭಾವ ಯಾವ ಮನೆಯಲ್ಲೂ ಕಂಡಿರಲಿಲ್ಲ, ನಾನು ಯಾವ ಕಥೆಯಲ್ಲೂ ಬರೆದಿರಲಿಲ್ಲ. ಮೂರನೇ ವಾರ ನೀನು ಒಂದು ಪೆಟ್ಟಿಗೆ ಹಿಡಿದು ಹೊರಟೆ.

ಈಗ ಒಬ್ಬನೇ ಬರೆಯುತ್ತೇನೆ. ನನ್ನ ಪಾತ್ರಗಳು ಎಲ್ಲಿ ನಿಂತಿವೆಯೆಂದು ಅವಕ್ಕೇ ಗೊತ್ತಾಗುವುದಿಲ್ಲ. ಬಾಗಿಲು ತೆರೆದರೆ ಬಾಗಿಲೇ ಸಿಗುತ್ತದೆ. ಹೋದ ತಿಂಗಳು ಆ ದರ್ಜಿಯಿಂದ ಬೀಗದ ಕೈ ಇಸಿದುಕೊಂಡು ಮೇಲೆ ಹೋಗಿದ್ದೆ. ಕೋಣೆ ಖಾಲಿಯೇ ಇದೆ. ಚಾಪೆಯಿಲ್ಲ, ನೆಲದ ಮೇಲೇ ಕೂತೆ. ಕೆಳಗೆ ಹೊಲಿಗೆ ಯಂತ್ರ ಓಡುತ್ತಿತ್ತು, ನಿಲ್ಲುತ್ತಿತ್ತು. ಬಿಸಿಲು ಹಸಿರು ಗೋಡೆಯ ಮೇಲೆ ಒಂದು ಗೇಣು ಸರಿಯಿತು. ಏನೂ ನಡೆಯಲಿಲ್ಲ. ಎದ್ದು ಬರಲು ಮನಸ್ಸೂ ಆಗಲಿಲ್ಲ. ನೀನು ಪಕ್ಕದಲ್ಲಿದ್ದರೆ ಬೈದು ಎಬ್ಬಿಸುತ್ತಿದ್ದೆ ಎನ್ನಿಸಿತು. ಆ ಬೈಗುಳಕ್ಕಾಗಿ ಇನ್ನಷ್ಟು ಹೊತ್ತು ಕೂತೆ.

ನಿನ್ನ ಹೊಸ ಹಾಳೆ ಮೇಜಿನ ಮೇಲಿದೆ. ಅದರೊಳಗೆ ನಾನು ಯಾರನ್ನೂ ಬಿಟ್ಟಿಲ್ಲ. ಬಂದು ಹೋಗು ಎಂದು ಕರೆಯುವ ಬಾಯಿ ನನಗಿಲ್ಲ, ಆದರೂ ಬಂದರೆ ಮಹಡಿಯ ಈ ಕೋಣೆ ನಿನಗೇ. ಮನೆಯವಳು ನಿನ್ನನ್ನು ಕೇಳಿದಳೆಂದು ಬರೆಯಲು ಹೇಳಿದ್ದಾಳೆ. ತಣ್ಣಗಿರು ಅಕ್ಕಾ.

ನಿನ್ನ
ಗೂಬೆ

ತಾ.ಕ.: ಅಂಚೆ ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆವತ್ತು ಭಾವ ನನ್ನನ್ನೂ ಕೇಳಿದ್ದರು, "ಆ ಗಂಡಸು ಯಾರಯ್ಯಾ?" ಅಂತ. ಅವನು ನಾನು ಕಟ್ಟಿದವನು, ಸಂಪಾದಕರು ಕೇಳಿದ್ದಕ್ಕೆ ಹಾಕಿದವನು ಅನ್ನಬೇಕಿತ್ತು. ನನ್ನ ಪಾತ್ರವೊಂದನ್ನು ಯಾರೋ ನಿಜವೆಂದು ನಂಬಿದ್ದು ಅದೇ ಮೊದಲು, ಹೆಮ್ಮೆಯೋ ಏನೋ, "ಬೆಂಕಿಯಿಲ್ದೆ ಹೊಗೆಯಾಡುತ್ತಾ ಭಾವ?" ಎಂದು ನಕ್ಕುಬಿಟ್ಟೆ. ಇದು ನಿನಗೆ ಗೊತ್ತಿರಲಿಲ್ಲ. ಮೊನ್ನೆ ಭಾನುವಾರ ಹೋಗಿ ಅವರಿಗೆ ಎಲ್ಲವನ್ನೂ ಹೇಳಿದೆ. ಅವರು ನಿನ್ನ ವಿಳಾಸ ಕೇಳಿದರು. ಲಕೋಟೆ ನನ್ನ ಜೇಬಿನಲ್ಲೇ ಇತ್ತು. ಅವಳನ್ನು ಕೇಳಿ ಹೇಳ್ತೀನಿ ಅಂದೆ. ಕೊಡಲಾ ಅಕ್ಕಾ?