ಬ್ಯಾಡ ಅನ್ನೋ ಗುಂಡಿ ಇಲ್ಲದ ಕುರ್ಚಿ

…ಅದೂ ಸಾಲದ್ದಕ್ಕ ಇವತ್ತ ಊಟಕ್ಕ ಎದ್ದಾಗ ನನ್ನ ಕುರ್ಚಿ ಸುತ್ತ ಹಗ್ಗ ಕಟ್ಟಿ ಹೋಗ್ಯಾರ, ಪೊಲೀಸರು ಹೆಣದ ಸುತ್ತ ಕಟ್ಟಿದಂಗ. ಮುಂಜಾನಿಂದ ನಮ್ಮ ಮ್ಯಾನೇಜರ್ ಮೇಟಿ ಸಾಹೇಬ್ರು ಕರದು ಕರದು ‘ಒಂದು ಹೆಸರು ಕೊಡ್ರಿ’ ಅಂತ ಅದೇ ಮಾತು ಹೇಳಾಕತ್ಯಾರ. ತಡಿ, ನಾ ಯಾರು ಅಂತಾನೇ ಹೇಳ್ಲಿಲ್ಲ. ಮುತ್ತಜ್ಜಿ, ನಾ ಫಕ್ಕೀರೇಶ, ನಿನ್ನ ಮರಿಮೊಮ್ಮಗ. ಶಿರಹಟ್ಟಿ ಬಿಟ್ಟು ದುಡ್ಯಾಕ ಕಾರವಾರಕ್ಕ ಬಂದೀನಿ. ಇಲ್ಲಿ ಇವತ್ತು ಎರಡು ಸಾವಿರದ ತೊಂಬತ್ತೆಂಟು, ಫೆಬ್ರುವರಿ ಮೂವತ್ತು. ನಗಬ್ಯಾಡ. ಪರದೇಶದ ಗಿರಾಕಿಗಳಿಗೆ ಬಿಲ್ ಮಾಡೋದು ಸಸಾರ ಆಗ್ಲಿ ಅಂತ ಎಲ್ಲಾ ತಿಂಗಳಿಗೂ ಮೂವತ್ತೇ ದಿನ ಮಾಡ್ಯಾರ. ನನ್ನ ಮಾತು ವಿಚಿತ್ರ ಅನಿಸಿದ್ರ ಹೊಟ್ಟ್ಯಾಗ ಹಾಕ್ಕೋ. ಇನ್ನೂ ಮದಿವಿ ಆಗದ ವಕೀಲ ಹುಡುಗಿಗೆ ಮುತ್ತಜ್ಜಿ ಅನ್ನಾಕ ನನಗೂ ನಾಚಿಕಿ.

ಇದು ಹಿಂದ್ಗಾಳಿ. ಅಂದ್ರ ದನೀನ ಹಳೇ ದಿನಗಳಿಗೆ ಒಯ್ಯೋ ತಂತಿ. ಮನಿತನಕ್ಕ ಒಂದೇ ಸಲ ಕೊಡ್ತಾರ. ಅವ್ವ ಜೋಪಾನ ಮಾಡಿ ಇಟ್ಟಿದ್ಲು, ನಾ ಇವತ್ತ ಅದನ್ನ ಖರ್ಚು ಮಾಡಾಕತ್ತೀನಿ.

ನಿಮ್ಮ ಕಾಲದಾಗ ಪರದೇಶದವರು ಹುಬ್ಬಳ್ಳಿಗೆ ಕೆಲಸ ಕಳಸ್ತಿದ್ರಲ್ಲ, ಈಗ ಕೆಲಸ ಎಲ್ಲಾ ಯಂತ್ರ ಮಾಡ್ತಾವ. ನಮ್ಮ ಕಡೆ ಬರೋದು ಹೊಣಿ ಒಂದೇ. ಯಂತ್ರ ಏನು ಠರಾಯಿಸಿದ್ರೂ ಜೀವಂತ ಮನುಷ್ಯಾ ಒಬ್ಬ ಓದಿ ಹೌದು ಅನ್ನಬೇಕು ಅಂತ ಅವರ ಕಾಯ್ದೆ. ಆ ಹೌದು ಅನ್ನೋ ಜಾಗಕ್ಕ ಹೊಣಿಕುರ್ಚಿ ಅಂತೀವಿ. ಮುಂದ ಏನರ ಕೆಟ್ಟರ ಕೋರ್ಟು ಹುಡುಕ್ಯಾಡೋದು ಕುರ್ಚಿ ಮ್ಯಾಲಿನ ಹೆಸರು. ಅಲ್ಲಿ ಕಾಯ್ದೆ ಬಿಗಿ ಆದ್ರ ಇಲ್ಲಿ ನೌಕರಿ ಹೆಚ್ಚು, ಸಡ್ಲ ಆದ್ರ ನಮ್ಮ ಖೋಲಿ ಖಾಲಿ. ಹಿಂಗಾಗಿ ಮುಂಜಾನಿ ಎದ್ದು ನಾವು ಮಳಿ ಸುದ್ದಿ ಕೇಳಂಗಿಲ್ಲ, ಪರದೇಶದ ಪಾರ್ಲಿಮೆಂಟಿನ ಸುದ್ದಿ ಕೇಳ್ತೀವಿ. ಸಮುದ್ರ ಏರಿ ನಮ್ಮ ಕಟ್ಟಡದ ಕೆಳಗಿನ ಮಜಲು ಮುಳುಗೈತಿ. ದೋಣಿಯವರು ಕಿಟಕಿಗೆ ರೊಟ್ಟಿ ಗಂಟು ಕೊಟ್ಟು ಹೋಗ್ತಾರ, ಅದನ್ನ ತಿಂತ ಹೌದು, ಹೌದು ಅಂತಿರ್ತೀವಿ.

ಹೋದ ವಾರ ತಂಗಿ ನಿಶ್ಚಯಕ್ಕ ಊರಿಗೆ ಹೋಗಿದ್ದೆ. ಬಾಜೂ ಕುರ್ಚಿ ದಿಲ್ಶಾದ್, ಸವಣೂರಾಕಿ, ನನ್ನ ಹೆಸರಿನ್ಯಾಗ ಕುಂತು ನನ್ನ ಕುರ್ಚಿ ಕಾಯ್ದಳು. ಬಸ್ ಸೀಟಿಗೆ ಟಾವೆಲ್ ಹಾಕಿದಂಗ, ಇಲ್ಲಿ ಎಲ್ಲಾರೂ ಒಬ್ಬರಿಗೊಬ್ಬರು ಮಾಡ್ತಾರ, ಮೇಟಿಯವರಿಗೂ ಗೊತ್ತು. ಅವತ್ತ ಪರದೇಶದ ಒಬ್ಬ ಮುದುಕನ ಉಸಿರಿನ ಮಷಿನ್ ವಾಪಸ್ ತಗೋಬೇಕು ಅಂತ ಯಂತ್ರ ಠರಾಯಿಸ್ತು. ಆಕಿ ಪೂರಾ ಓದಿದ್ಲು. ತಪ್ಪೈತಿ ಅನಿಸ್ತು. ಆದ್ರ ಕುರ್ಚಿಗೆ ಎರಡೇ ಗುಂಡಿ: ಒಂದು ‘ಹೌದು’, ಇನ್ನೊಂದು ‘ಆಮ್ಯಾಲೆ ಹೌದು’. ಆಕಿ ಎರಡನೇದು ಒತ್ತಿ ಮೇಟಿಯವರನ್ನ ಕರ್ಯಾಕ ಓಡಿದ್ಲು. ಅವರು ಮೀಟಿಂಗ್‌ನ್ಯಾಗ. ಬಾಗಲಾಗ ನಿಂತು ಕಾದು ಬರೋದ್ರಾಗ ಕುರ್ಚಿ ತಾನೇ ಹೌದು ಅಂದಿತ್ತು. ಮುದುಕ ಉಳೀಲಿಲ್ಲ.

ನಾಳೆ ಅಲ್ಲಿನ ಕೋರ್ಟಿಗೆ ಒಂದು ಹೆಸರು ಬೇಕು. ನಾನೇ ಕುಂತಿದ್ದೆ ಅಂದ್ರ ನನಗ ಹೆಸರುಬಂದಿ. ಅಂದ್ರ ನನ್ನ ಹೆಸರು ಎಲ್ಲೂ ನಡಿಯಂಗಿಲ್ಲ: ಮನಿ ಬಾಡಿಗಿ, ಮದಿವಿ ನೋಂದಣಿ, ಊರಿಗೆ ಹೋಗಾಕ ಟಿಕೆಟ್ಟು, ಯಾವುದೂ ಇಲ್ಲ. ಆಕಿ ಕುಂತಿದ್ಲು ಅಂದ್ರ ಆಕಿಗೆ ಹೆಸರುಬಂದಿ, ಮ್ಯಾಲೆ ಬ್ಯಾರೆಯವರ ಹೆಸರಿನ್ಯಾಗ ಕುಂತದ್ದಕ್ಕ ಜೇಲು. ಮೇಟಿಯವರು ತಣ್ಣಗ ಅಂದ್ರು, “ಯಾರಾದ್ರೂ ಒಬ್ರು ಆಗ್ರೆಪಾ, ಕಂಪನಿಗೆ ಇಬ್ರೂ ಒಂದೇ.” ದಿಲ್ಶಾದ್ ನನ್ನ ಮಾರಿ ನೋಡದನ ಅಂದ್ಲು, “ನಿಂದು ಉದ್ದ ಹೆಸರು, ಬರಿಯೋರ ಕೈ ನೋಯ್ತೈತಿ. ನಂದೇ ಹಾಕಿಸು ಮಾರಾಯಾ.”

ಇದು ನಿನಗ ಯಾಕ ಅಂದ್ರ, ಈ ಕುರ್ಚಿಗಳಿಗೆಲ್ಲಾ ಮೂಲ ಆದ ಸಾಲು ನಿಂದು. ನಿನ್ನ ಕಾಲದಾಗ ಈ ವಾರ ನೀ ಬರಿಯಾಕತ್ತಿರೋ ಕರಾರಿಂದು. “ಯಂತ್ರದ ತೀರ್ಮಾನ ಮನುಷ್ಯಾ ಓದಿ ಒಪ್ಪಬೇಕು, ಇಲ್ಲಾ ತಡೀಬೇಕು.” ಅದರಿಂದ ಸಾವಿರಾರು ಮಂದಿ ನೌಕರಿ ಉಳದ್ವು, ಅದಕ್ಕ ನಮ್ಮ ಮನ್ಯಾಗ ನಿನ್ನ ಫೋಟೋಕ್ಕ ಇನ್ನೂ ಹೂ ಏರಸ್ತಾರ. ಆದ್ರ ಗಿರಾಕಿ ಹೇಳ್ತಾನ, ಕಡೇ ಎರಡು ಶಬ್ದ ತಗೀರಿ, ವ್ಯವಹಾರ ಕುದುರ್ತೈತಿ ಅಂತ. ಇಲ್ಲಂದ್ರ ಕೆಲಸ ಬ್ಯಾರೆ ದೇಶಕ್ಕ ಒಯ್ತೀನಿ ಅಂತನೂ ಅಂತಾನ. ನೀ ಆ ಎರಡು ಶಬ್ದದ ಮ್ಯಾಲೆ ಗೆರಿ ಹೊಡೀತಿ. ಅದನ್ನೇ ಮಾದರಿ ಮಾಡ್ಕೊಂಡು ಎಲ್ಲಾ ಕಂಪನಿಗಳೂ ಬ್ಯಾಡ ಅನ್ನೋ ಗುಂಡಿ ಇಲ್ಲದ ಕುರ್ಚಿ ಮಾಡಿಸಿದ್ವು.

ಹೊಡೀಬ್ಯಾಡ ಅಜ್ಜಿ. ಗಿರಾಕಿ ಹೋದ್ರ ಮಂದಿ ನಿನ್ನ ಬೈತಾರ, ಹೂ ಏರಸಂಗಿಲ್ಲ, ನಾನೂ ಹುಟ್ಟತೀನೋ ಇಲ್ಲೋ. ಆದ್ರೂ ಹೊಡೀಬ್ಯಾಡ. ದಿಲ್ಶಾದಳಂಥಾಕಿ ತಪ್ಪು ಕಂಡಾಗ ಒತ್ತಾಕ ಒಂದು ಗುಂಡಿ ಇರ್ಲಿ.

ನೀ ಏನೂ ಹೇಳದಿದ್ರ ನಾಳೆ ನನ್ನ ಹೆಸರೇ ಹೇಳ್ತೀನಿ, ಅದನ್ನ ಠರಾಯಿಸೀನಿ. ಒಂಬತ್ತಕ್ಕ ಕೋರ್ಟು, ಏಳಕ್ಕ ನಮ್ಮ ಫೋನ್ ಕಸಗೊಂತಾರ. ಈ ತಂತಿ ಒಂದು ಸಲ ಆ ಕಡಿಂದನೂ ಬರ್ತೈತಿ. ಏನು ಠರಾಯಿಸಿದಿ ಹೇಳಾಕ ಮುಂಜಾನಿ ಆರೂವರಿಗೆ ಫೋನ್ ಹಚ್ಚು.